ಫ್ರೆಂಚ್ ಗಾಯಕನಿಗೊಬ್ಬ ಸಾರಥಿ

ಆ ಫ್ರೆಂಚ್ ರಾಕ್ ಗಾಯಕನನ್ನು ನಾನು ಮೊದಲು ನೋಡಿದ್ದು ಕುಸನೂರಿನ ನಮ್ಮ ಅಡುಗೆಮನೆಯಲ್ಲಿ, ಮಗಳ ಮೊಬೈಲಿನೊಳಗೆ. ಹಂಚಿನ ಮೇಲಿನ ರೊಟ್ಟಿ ಹೊತ್ತಿಹೋಯಿತು. ಹೋಗಲಿ ಬಿಡಿ! ಬೆಳ್ಳಿಬಣ್ಣದ ಅಂಗಿ, ಮೊಣಕಾಲು ಮುಟ್ಟುವ ಬೂಟು, ಎರಡೂ ಭುಜಗಳ ಮೇಲೆ ಎದ್ದು ನಿಂತ ಗರಿ, ಕಿವಿಯವರೆಗೆ ಎಳೆದ ಕಾಡಿಗೆ. ಬಂದವನೇ ಹಾಡುವುದಿಲ್ಲ ಮಹಾರಾಯ, ಜನರಿಗೆ ಬೆನ್ನು ಹಾಕಿ ನಿಂತುಬಿಡುತ್ತಾನೆ. ಅವರು ಕಿರುಚಿ ಕಿರುಚಿ ಗಂಟಲು ಹರಿದುಕೊಂಡ ಮೇಲೆ ಗರ್ರನೆ ತಿರುಗುತ್ತಾನೆ. ಅಬ್ಬಾ!

"ಮಮ್ಮಿ, ಬಾಯಿ ಮುಚ್ಚು, ನೊಣ ಹೋಗ್ತದ" ಅಂದಳು ಮಗಳು.

ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ಈ ಸಲದ ಗ್ಯಾದರಿಂಗಿನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಟೀಚರುಗಳೂ ಏನಾದರೂ ಮಾಡಬೇಕೆಂದು ಹೆಡ್ ಮೇಡಂ ಹೇಳಿದ್ದೇ ತಡ, "ನಾ ಇಂವಾ ಆಗ್ತೀನ್ರೀ" ಅಂತ ಮೊಬೈಲು ತೋರಿಸಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ, ನನಗೇನು!

ವೇಷಕ್ಕಾಗಿ ಕಮಲಾಪುರದ ಬಸ್ಸು ಹತ್ತಿದೆ. ಅಲ್ಲಿ ನನ್ನ ಸೋದರಮಾವ ದೊಡ್ಡಾಟದ ಮೇಳದಲ್ಲಿ ಸಾರಥಿ. ದೊಡ್ಡಾಟದಲ್ಲಿ ರಾಜನೇ ಬರಲಿ, ರಾಕ್ಷಸನೇ ಬರಲಿ, ತಾನಾಗಿ ಮಾತು ತೆಗೆಯುವಂತಿಲ್ಲ. 'ತಾವು ಯಾರು, ಎಲ್ಲಿಂದ ಬಂದಿರಿ' ಎಂದು ಸಾರಥಿ ಕೇಳಬೇಕು, ಆಮೇಲೆಯೇ ಅವನು ರಾಜ. ಚಿಕ್ಕವಳಿದ್ದಾಗ ಮಾಮ ನನ್ನನ್ನೂ ಒಮ್ಮೆ ಹಾಗೆ ಕೇಳಲಿ ಎಂಬುದೊಂದೇ ನನ್ನ ಆಸೆ. ಭುಜಕೀರ್ತಿ ಕಟ್ಟಿಕೊಂಡು ಆಟದ ಅಟ್ಟ ಹತ್ತಿದರೆ, ಮಾಮನೇ "ಹೆಣ್ಮಕ್ಕಳು ವೇಷ ಕಟ್ಟಂಗಿಲ್ಲ, ಇಳಿ ಕೆಳಗ" ಅಂದುಬಿಟ್ಟರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮಾಮ ಮೊಬೈಲನ್ನು ದೂರ ಹಿಡಿದು ನೋಡಿದರು.

"ಎಲಾ ಇವನ! ಭುಜಕೀರ್ತಿ ನೋಡು, ಗತ್ತು ನೋಡು! ಯಾವ ಮ್ಯಾಳದಾಂವ?"

"ಫ್ರಾನ್ಸ್ ದೇಶದಾಂವ್ರೀ ಮಾಮಾ."

"ಇವಗ ಸಾರಥಿ ಯಾರದಾರ?"

"ಸಾರಥಿ ಇಲ್ರೀ."

"ಮತ್ತ ಇಂವ ಯಾರಂತ ಮಂದಿಗೆ ಹ್ಯಾಂಗ ಗೊತ್ತಾಗ್ತದ? ಪಾಪ, ಯಾರೂ ಕೇಳಂಗಿಲ್ಲ ಇವನ್ನ!"

ಅವರಿಗೆ ನಿಜಕ್ಕೂ ಕೆಡುಕೆನಿಸಿತ್ತು. ಯಾರ ವೇಷಕ್ಕೆ ಎಂದು ಕೇಳದೆ ಭುಜಕೀರ್ತಿಯನ್ನು ಹಳೆಯ ಧೋತರದಲ್ಲಿ ಸುತ್ತಿಕೊಟ್ಟರು. ನಾನೇ ಕಟ್ಟುತ್ತೇನೆಂದು ಹೇಳಲು ನನಗೆ ಧೈರ್ಯ ಬರಲಿಲ್ಲ. "ಗ್ಯಾದರಿಂಗಿಗೆ ಬರ್ರಿ" ಅಂತಷ್ಟೇ ಹೇಳಿ ಬಂದೆ.

ಬಂದೇಬಿಟ್ಟರು! ತಲೆಗೆ ಪಟಗಾ ಸುತ್ತಿಕೊಂಡು, ಕಮಲಾಪುರದ ಕೆಂಪು ಬಾಳೆಹಣ್ಣಿನ ಚೀಲ ತೊಡೆಯ ಮೇಲಿಟ್ಟುಕೊಂಡು ಮೊದಲ ಸಾಲಿನಲ್ಲೇ ಕೂತಿದ್ದರು. ಪರದೆ ಸರಿದಾಗ ನಾನು ಬೆನ್ನು ಹಾಕಿ ನಿಂತಿದ್ದೆ, ಥೇಟ್ ಅವನಂತೆ. ಮಕ್ಕಳ ಕೇಕೆಯೋ ಕೇಕೆ. ಆದರೆ ತಿರುಗಲು ಕಾಲೇ ಬರಲೊಲ್ಲದು. ತಿರುಗಿದರೆ ಮಾಮನಿಗೆ ನನ್ನ ಮುಖ ಕಾಣುತ್ತದೆ. ಇಷ್ಟು ಜನರೆದುರು ಮತ್ತೆ 'ಇಳಿ ಕೆಳಗ' ಅಂದರೆ? ಕೇಕೆ ನಿಂತು ಗುಸುಗುಸು ಶುರುವಾಯಿತು. ಆದದ್ದಾಗಲಿ ಎಂದು ತಿರುಗಿದೆ.

ಮಾಮ ಎದ್ದು ನಿಂತರು. ಕಾಡಿಗೆಯ ಅಡಿಯಲ್ಲೂ ನನ್ನನ್ನು ಗುರುತು ಹಿಡಿದದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ಹೆಡ್ ಮೇಡಂ "ಕುಂದರ್ರಿ ಅಜ್ಜಾರ, ಕುಂದರ್ರಿ" ಅನ್ನುತ್ತಿದ್ದರು. ಮಾಮ ಚೀಲ ಕೆಳಗಿಟ್ಟು, ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು, ಮೈಕಿಲ್ಲದೆಯೇ ಹಾಲ್ ತುಂಬುವಂತೆ ದನಿ ಎತ್ತಿದರು.

"ಭಲೆ ಭಲೆ! ಈ ರಂಗಸ್ಥಳಕ್ಕೆ ಆಗಮಿಸಿದಂಥ ತಾವು ಯಾರು? ಯಾವ ದೇಶದಿಂದ ದಯಮಾಡಿಸಿದಿರಿ?"

ಕಂಠಪಾಠ ಮಾಡಿದ್ದ ಫ್ರೆಂಚ್ ಹಾಡು ಒಂದಕ್ಷರ ನೆನಪಿಲ್ಲ.

"ಎಲೈ ಸಾರಥಿ, ನಾವು ಫ್ರಾನ್ಸ್ ದೇಶದ ರಾಕ್ ಚಕ್ರವರ್ತಿ!" ಅಂದೆ. ಸೊಂಟದ ಮೇಲೆ ಕೈಯಿಟ್ಟು ಸೇರಿಸಿದೆ, "ಕಮಲಾಪುರದಿಂದ ಬಂದಿದ್ದೇವೆ!"

ಹಾಲ್ ಎದ್ದು ಕುಣಿಯಿತು. ಮಾಮ ಎರಡೂ ಕೈ ಜೋಡಿಸಿ, ಪಟಗಾ ಜಾರುವಷ್ಟು ತಲೆ ಬಾಗಿಸಿ, "ಹಾಡೋಣಾಗಲಿ, ದೊರೆಯೇ" ಅಂದರು.