ಕಡಲ ಮೀನು, ಅತ್ತೆಯ ಉಪವಾಸ

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅನ್ನುತ್ತಾರೆ. ನಮ್ಮ ಮನೆಗೆ ನೀರೇ ಬಂತು, ಅದೂ ಸಮುದ್ರದ ನೀರು. ಸಾಂಗಲಿಯಿಂದ ಸಮುದ್ರ ನೋಡಬೇಕೆಂದರೆ ಘಟ್ಟ ಇಳಿದು ಹೋಗಬೇಕು. ಆದರೆ ನನ್ನ ಗಂಡನ ಮನಸ್ಸಿಗೆ ಬಂದ ಮೇಲೆ ಸಮುದ್ರವೇನು, ಹಿಮಾಲಯವೂ ನಮ್ಮ ಪಡಸಾಲೆಯ ಮೂಲೆಯಲ್ಲಿ ಮುದುರಿ ಕೂಡಬೇಕು.

ಆಗ ವ್ಯಾಪಾರಕ್ಕೆ ದೇಶದ ಬಾಗಿಲು ತೆರೆದಿದ್ದಾರೆ ಎಂದು ಪೇಪರಿನಲ್ಲಿ ದಿನಾ ಬರುತ್ತಿತ್ತು. ನಮ್ಮವರು ಅದನ್ನು ತಮ್ಮೊಬ್ಬರ ಸಲುವಾಗಿಯೇ ತೆರೆದದ್ದು ಅಂದುಕೊಂಡಿದ್ದರು. ಅಜ್ಜನ ಕಾಲದ ಅರಿಶಿನ ವ್ಯಾಪಾರ ಪೇಟೆಯಲ್ಲಿ ನಡೆದೇ ಇತ್ತು. ಅದರ ಮೇಲೆ ಕುಪವಾಡದ ಕೈಗಾರಿಕಾ ವಸಾಹತು ಎಂಐಡಿಸಿಯಲ್ಲಿ ಪ್ಲಾಸ್ಟಿಕ್ ಚೀಲದ ಕಾರ್ಖಾನೆ, ಮಿರಜ ರಸ್ತೆಗೆ ಹೊಸ ಬಂಗಲೆ. ಪಕ್ಕದ ಶೆಡ್ಡಿನ ಮಾಲೀಕ ತನ್ನ ಆಫೀಸಿನಲ್ಲಿ ಬಂಗಾರದ ಬಣ್ಣದ ಮೀನು ಇಟ್ಟಿದ್ದ. ಅದನ್ನು ನೋಡಿ ಬಂದ ದಿನದಿಂದ ನಮ್ಮವರಿಗೆ ಅನ್ನ ಸೇರಲಿಲ್ಲ.

"ಅವಂದು ಸಿಹಿನೀರಿಂದು. ಅದನ್ನ ಯಾರರ ಇಡ್ತಾರ. ನಾ ಸಮುದ್ರದ್ದ ಇಡ್ತೇನಿ," ಅಂದರು.

"ಇಡ್ರಿ. ಮುಂದಿನ ವರ್ಷ ಹಡಗಾನೂ ತರೂಣು," ಅಂದೆ ನಾನು. ಅವರಿಗೆ ನನ್ನ ಮಾತು ಕೇಳಿಸಲಿಲ್ಲ. ಬೇಕಾದಾಗ ಅವರಿಗೆ ಕಿವಿ ಕೇಳಿಸುವುದಿಲ್ಲ.

ಈಗ ಅತ್ತೆಯ ವಿಷಯ ಹೇಳಬೇಕು. ನಾವು ಜೈನರು, ಅತ್ತೆಯವರು ನಮಗಿಂತ ನಾಲ್ಕು ಪಟ್ಟು ಜೈನರು. ನೀರನ್ನು ಅರಿವೆಯಲ್ಲಿ ಸೋಸದೆ ಮುಟ್ಟುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಹಳೆಯ ಮನೆಯಲ್ಲಿ ಬಾವಿಯಿತ್ತು. ಸೋಸಿದ ಅರಿವೆಯನ್ನು ತಿರುವಿ, ಅದಕ್ಕೆ ಹತ್ತಿದ ಸಣ್ಣ ಜೀವಗಳನ್ನು ಒಂದಿಷ್ಟು ನೀರಿನೊಂದಿಗೆ ಅದೇ ಬಾವಿಗೆ ಮೆಲ್ಲಗೆ ಬಿಡುತ್ತಿದ್ದರು. ಯಾವ ನೀರಿನ ಜೀವವೋ ಅದೇ ನೀರಿಗೆ, ಬೇರೆ ಕಡೆ ಚೆಲ್ಲಿದರೆ ಪಾಪ. ಬಂಗಲೆಗೆ ಬಂದ ಮೊದಲ ದಿನ ಅರಿವೆ ಹಿಡಿದು ನಿಂತು ಕೇಳಿದರು, "ಇಲ್ಲಿ ನಳ ಐತಿ. ಇದನ್ನ ತಿರುಗಿ ಎಲ್ಲಿ ಬಿಡೂದೋ?"

"ನಳದ ಬಾಯಾಗ ತುಂಬು ಆಯಿ," ಎಂದು ನಮ್ಮವರು ತಾಯಿಗೆ ಹೇಳಿ ನಕ್ಕರು. ಅತ್ತೆ ನಗಲಿಲ್ಲ.

ವಾಸ್ತುಶಾಂತಿಗೆ ಎರಡು ದಿನ ಮೊದಲು ಮುಂಬೈಯಿಂದ ಗಾಜಿನ ಪೆಟ್ಟಿಗೆ ಬಂತು. ಜೊತೆಗೆ ಮರಳು, ಸಮುದ್ರದ ಉಪ್ಪಿನ ಪುಡಿ, ಗುಳುಗುಳು ಅನ್ನುವ ಫಿಲ್ಟರು. ನೀರು ಹದಕ್ಕೆ ಬರಲು ತಿಂಗಳ ಮೇಲೆ ಬೇಕು, ಅಲ್ಲಿಯವರೆಗೆ ಮೀನು ಬಿಡಬೇಡಿ ಎಂದು ಅಂಗಡಿಯವನು ಹೇಳಿ ಕಳಿಸಿದ್ದ.

"ತಿಂಗಳಗಟ್ಟಲೆ ಮಂದಿಗೆ ಖಾಲಿ ನೀರ ತೋರಸ್ಲೇನು?" ಎಂದು ನಮ್ಮವರು ಮರುದಿನವೇ ಮುಂಬೈಯಿಂದ ಮೀನು ತರಿಸಿ ಬಿಟ್ಟರು. ನೀಲಿ ಮೀನುಗಳಿದ್ದವು, ಹಳದಿಯವಿದ್ದವು, ಕೇಸರಿ ಮೈಗೆ ಬಿಳಿ ಪಟ್ಟೆಯ ಒಂದು ಪುಟಾಣಿ ಇತ್ತು. ಸುಳ್ಳು ಯಾಕೆ ಹೇಳಲಿ, ಚಂದ ಕಾಣುತ್ತಿದ್ದವು. ಊಟಕ್ಕೆ ಬಂದವರೆಲ್ಲ ಗಾಜಿಗೆ ಮೂಗು ಹಚ್ಚಿ ನಿಂತು ಒಂದೊಂದು ಚಿಟಿಕೆ ಆಹಾರ ಉದುರಿಸಿದರು. ಮೀನು ತಿಂದಿದ್ದು ಕಡಿಮೆ, ಮರಳಿನಲ್ಲಿ ಕೊಳೆತದ್ದು ಹೆಚ್ಚು.

ವಾರ ಕಳೆಯುವುದರೊಳಗೆ ಒಂದು ನೀಲಿ ಮೀನು ಹೊಟ್ಟೆ ಮೇಲೆ ಮಾಡಿ ತೇಲಿತು. ಅತ್ತೆ ನೋಡಿದರು, ಕೈ ಮುಗಿದರು.

"ಮನಿಯೊಳಗ ಜೀವ ಹೋಗೇತಿ. ಇವತ್ತ ನನಗ ಊಟ ಬ್ಯಾಡ, ನೀರೂ ಬ್ಯಾಡ."

"ಮೀನ ಸತ್ರ ನೀ ಯಾಕ ಉಪವಾಸ ಮಾಡ್ತಿ ಆಯಿ?"

"ತಂದಾವ ಯಾರು? ನೀ. ನಿನ್ನ ಹಡದಾಕಿ ಯಾರು?"

ಅಂದಿನಿಂದ ಲೆಕ್ಕ ಇದೇ. ಒಂದು ಮೀನಿಗೆ ಒಂದು ದಿನ, ಹನಿ ನೀರೂ ಇಲ್ಲ. ಉಪ್ಪು ತಿಂದವ ನೀರು ಕುಡಿಯಬೇಕು ಅನ್ನುತ್ತದೆ ಲೋಕ. ನಮ್ಮ ಮನೆಯಲ್ಲಿ ಉಪ್ಪು ಕಲಸಿದವನು ಮಗ, ನೀರು ಬಿಟ್ಟವಳು ತಾಯಿ.

ನಮ್ಮವರು ಸುಮ್ಮನೆ ಕೂಡುವ ಪೈಕಿಯಲ್ಲ. ಸ್ವಚ್ಛತೆ ಶುರುವಾಯಿತು. ಮೀನು ಸತ್ತಾಗಲೆಲ್ಲ ಉಳಿದವುಗಳನ್ನು ಬಕೆಟ್ಟಿಗೆ ಹಾಕಿ, ಪೆಟ್ಟಿಗೆಯ ಅಷ್ಟೂ ನೀರನ್ನು ಗಟಾರಕ್ಕೆ ಸುರಿದು, ಮರಳನ್ನು ಕುದಿಯುವ ನೀರಿನಲ್ಲಿ ತೊಳೆದು, ಫಿಲ್ಟರಿನ ಸ್ಪಂಜನ್ನು ಬ್ಲೀಚಿಂಗ್ ವಾಸನೆಯ ನಳದ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡುತ್ತಿದ್ದರು. ಹೊಸ ನೀರು ಕನ್ನಡಿಯಂತೆ ಹೊಳೆಯುತ್ತಿತ್ತು. ಎರಡೇ ದಿನಕ್ಕೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅಷ್ಟೂ ತೊಳೆದದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ನಡುವೆ ನೀರು ಆರಿ ಕಡಿಮೆಯಾದರೆ ಮತ್ತೆ ಉಪ್ಪುನೀರೇ ಸುರಿಯುತ್ತಿದ್ದರು. ಮುಚ್ಚಳದ ಸುತ್ತ ಬಿಳಿ ಹಕ್ಕಳೆ ಕಟ್ಟಿತು. "ನೀರು ಆರ್ತೈತ್ರಿ, ಉಪ್ಪು ಆರೂದಿಲ್ಲ. ಬರೇ ನೀರ ಹಾಕ್ರಿ," ಅಂದೆ. ಉಪ್ಪಿನಕಾಯಿ ಹಾಕಿದ ಯಾವ ಹೆಂಗಸಿಗಾದರೂ ತಿಳಿಯುವ ಮಾತಿದು. "ಇದು ಉಪ್ಪಿನಕಾಯಿ ಅಲ್ಲ, ಅಕ್ವೇರಿಯಂ," ಎಂದು ಉತ್ತರ ಬಂತು. ಅಯ್ಯೋ ಪುಣ್ಯಾತ್ಮ, ಉಪ್ಪಿನಕಾಯಿಯಾದರೂ ಒಂದು ವರ್ಷ ಕೆಡದೆ ಇರುತ್ತಿತ್ತು.

ಸತ್ತವುಗಳ ಜಾಗಕ್ಕೆ ಹೊಸವು ಬಂದವು, ಅವೂ ಸತ್ತವು, ಅತ್ತೆಯ ಉಪವಾಸ ಬೆಳೆಯಿತು. ನನಗೆ ಇವತ್ತಿಗೂ ಮೈ ಉರಿಯುವ ಮಾತು ಇಲ್ಲಿದೆ. ನಮ್ಮವರು ಅದನ್ನೂ ತೋರಿಕೆಗೆ ಇಟ್ಟರು. ಬಂದವರಿಗೆ ಮೊದಲು ಮೀನು ತೋರಿಸುವುದು, ಆಮೇಲೆ ಗೋಡೆಗೆ ಒರಗಿ ಜಪಮಣಿ ಎಣಿಸುತ್ತಿದ್ದ ತಾಯಿಯ ಕಡೆ ಕೈ ಮಾಡಿ ಮರಾಠಿಯಲ್ಲಿ ಹೇಳುವುದು: ಆಯಿ ಮೀನಿಗೂ ಉಪವಾಸ ಮಾಡುತ್ತಾಳೆ, ಬಹಳ ಧಾರ್ಮಿಕಳು. ಬಂದವರು ಗಾಜಿನ ಪೆಟ್ಟಿಗೆಯನ್ನು ನೋಡಿದ ಕಣ್ಣಿನಿಂದಲೇ ಅತ್ತೆಯನ್ನೂ ನೋಡಿ, ಕಾಲು ಮುಟ್ಟಿ, ಚಹಾ ಕುಡಿದು ಹೋಗುತ್ತಿದ್ದರು.

ಒಂದು ಮುಂಜಾನೆ ಅತ್ತೆ ಬಚ್ಚಲ ಬಾಗಿಲಲ್ಲಿ ಕೂತವರು ಏಳಲಿಲ್ಲ. ಮಿರಜದಲ್ಲಿ ಡಾಕ್ಟರುಗಳಿಗೇನು ಬರ, ಒಬ್ಬರು ಮನೆಗೇ ಬಂದರು. ಈ ವಯಸ್ಸಿನಲ್ಲಿ ನೀರು ಬಿಟ್ಟರೆ ಜೀವಕ್ಕೆ ಅಪಾಯ, ಇನ್ನೊಂದು ಉಪವಾಸ ಆಗಲೇಬಾರದು ಅಂದರು.

"ನನ್ನ ಔಷಧ ನಿಮ್ಮ ಕಡೆ ಇಲ್ರಿ ಡಾಕ್ಟರ," ಅಂದರು ಅತ್ತೆ, "ಆ ಗಾಜಿನ ಪೆಟ್ಟಿಗ್ಯಾಗ ಐತಿ."

ಪೆಟ್ಟಿಗೆಯಲ್ಲಿ ಆಗ ಉಳಿದದ್ದು ಒಂದೇ, ಆ ಬಿಳಿ ಪಟ್ಟೆಯ ಕೇಸರಿ ಪುಟಾಣಿ. ಮೂಲೆಯಲ್ಲಿ ವಾಲಿ ನಿಂತು ತೇಕುತ್ತಿತ್ತು. ಅಂಗಡಿಯವನು ವಾಪಸು ತಗೊಳ್ಳುವುದಿಲ್ಲ, ಕೃಷ್ಣೆಗೆ ಬಿಟ್ಟರೆ ಸಿಹಿನೀರಿಗೆ ಸಾಯುತ್ತದೆ. ನಮ್ಮವರು ಮತ್ತೆ ಬಕೆಟ್ಟು ಎತ್ತಿದರು. ನನಗೆ ಸಿಟ್ಟು ನೆತ್ತಿಗೇರಿತು.

"ಒಂದು ಮೀನ ಉಳದೈತಿ, ಒಬ್ಬಾಕಿ ತಾಯಿ ಉಳದಾಳ. ಯಾರು ಮೊದಲ ಹೋಗಬೇಕು ಹೇಳ್ರಿ, ತಯಾರಿ ಮಾಡ್ತೇನಿ!"

ಅಂಥ ಮಾತು ಆಡಬಾರದಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ಆಡದೆ ಇದ್ದರೆ ಅವರು ಮುಂಬೈಗೆ ಫೋನ್ ಹಚ್ಚುತ್ತಿರಲಿಲ್ಲ. ಫೋನಿನಲ್ಲಿ ಅಂಗಡಿಯವನ ಬೈಗುಳ ನನಗೂ ಕೇಳುತ್ತಿತ್ತು. ಮೀನಿನ ಹೇಲಿನಿಂದ, ಕೊಳೆತ ಆಹಾರದಿಂದ ನೀರಿನಲ್ಲಿ ಕಣ್ಣಿಗೆ ಕಾಣದ ವಿಷ ಹುಟ್ಟುತ್ತದೆ. ಆ ವಿಷವನ್ನು ತಿಂದು ಅರಗಿಸುವ ಸಣ್ಣ ಜೀವಿಗಳು ಮರಳಿನಲ್ಲಿ, ಸ್ಪಂಜಿನಲ್ಲಿ ಮನೆ ಮಾಡಬೇಕು. ಅದಕ್ಕೇ ತಿಂಗಳು ಕಾಯಿರಿ ಅಂದದ್ದು. ನೀವು ಪ್ರತಿ ಸಲ ಅವುಗಳನ್ನೇ ಕುದಿಸಿ ಗಟಾರಕ್ಕೆ ಹಾಕಿದ್ದೀರಿ. ಇನ್ನು ಮೇಲೆ ಸ್ವಲ್ಪ ನೀರು ಮಾತ್ರ ಬದಲಿಸಿ, ಆಹಾರ ಚಿಟಿಕೆಗಿಂತ ಕಡಿಮೆ ಹಾಕಿ. ಸ್ಪಂಜು ತೊಳೆಯುವುದಾದರೆ ನಳದ ನೀರಿನಲ್ಲಲ್ಲ, ಪೆಟ್ಟಿಗೆಯಿಂದ ತೆಗೆದ ಅದೇ ನೀರಿನಲ್ಲಿ ಅದ್ದಿ ತಿರುಗಿ ಇಡಿ.

ನಮ್ಮವರು ಫೋನ್ ಇಟ್ಟು ಇದನ್ನೆಲ್ಲ ಹೇಳಿದಾಗ ಅತ್ತೆ ಹಾಸಿಗೆಯಿಂದಲೇ ಕೇಳಿಸಿಕೊಂಡರು.

"ಆ ನೀರಿನ ಜೀವ ಆ ನೀರಿಗೆ. ಇದನ್ನ ಕೇಳಾಕ ಮುಂಬೈಗೆ ಫೋನ್ ಹಚ್ಚಬೇಕಾತೇನೋ?" ಅಂದರು. ಮಗ್ಗುಲು ತಿರುಗಿ ಮಗನನ್ನು ನೋಡಿ, "ಅಂದ್ರ ಮೀನಷ್ಟ ಅಲ್ಲ, ಕಣ್ಣಿಗೆ ಕಾಣದ್ದನ್ನೂ ಕೊಂದಿ ನೀ. ಅವಕ್ಕೆಲ್ಲ ಉಪವಾಸ ಮಾಡಾಕ ನನ್ನ ಆಯುಷ್ಯ ಸಾಲೂದಿಲ್ಲ ಅಪ್ಪಾ."

ಗಂಡ ತಲೆ ತಗ್ಗಿಸಿದರು. ಮದುವೆಯಾದ ಮೇಲೆ ಆ ತಲೆಯ ನೆತ್ತಿ ನಾನು ನೋಡಿದ್ದು ಅದೇ ಮೊದಲು.

ಆಮೇಲಿನ ದಿನಗಳಲ್ಲಿ ಅತ್ತೆ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಸಿಕೊಂಡು, ಮೀನನ್ನು ತಮ್ಮ ಮಗನಿಂದ ಕಾಯುತ್ತ ಕೂತರು. ಮಗನ ಕೈ ಮುಚ್ಚಳದ ಕಡೆ ಹೋದರೆ ಸಾಕು, "ಹೂಂ!" ನೀರು ಪರೀಕ್ಷಿಸುವ ಔಷಧದ ಸೀಸೆ ಬಂತು. ಸಣ್ಣ ಕೊಳವೆಯಲ್ಲಿ ಪೆಟ್ಟಿಗೆಯ ನೀರು ಹಿಡಿದು ಹನಿ ಹಾಕಿದರೆ, ವಿಷವಿದ್ದಾಗ ಹಸಿರು, ಇಲ್ಲದಾಗ ಹಳದಿ. ಮೊದಮೊದಲು ಕಡು ಹಸಿರು. ಮೀನು ಇವತ್ತು ಹೋಯಿತು, ನಾಳೆ ಹೋಯಿತು ಎಂದು ನಾನು ಬೆಳಗಾದರೆ ಹೆದರಿ ಹೆದರಿ ಪಡಸಾಲೆಗೆ ಬರುತ್ತಿದ್ದೆ. ಅತ್ತೆ ಆಗಲೇ ಅಲ್ಲಿರುತ್ತಿದ್ದರು. ಮೀನು ಅಲುಗಾಡಿದ್ದನ್ನು ಕಂಡ ಮೇಲೆಯೇ ಅವರ ಬಾಯಿಗೆ ನೀರು. ಮರಳಿನ ಮೇಲೆ ಕಂದು ಪಾಚಿ ಹಬ್ಬಿತು, ಗಾಜು ಮಸುಕಾಯಿತು, ನಮ್ಮವರು ಒರೆಸಲಾರದೆ ಕೈ ಕೈ ಹಿಸುಕಿಕೊಂಡರು. ಕೊಳೆಯಾದಂತೆ ಕಂಡ ನೀರಿನಲ್ಲೇ ಆ ಮೀನು ನೆಟ್ಟಗಾಯಿತು. ಕೊನೆಗೊಂದು ದಿನ ಕೊಳವೆಯ ಬಣ್ಣ ಅರಿಶಿನದ ಹಳದಿಗೆ ನಿಂತಿತು. ಅರಿಶಿನದ ವ್ಯಾಪಾರಿಗೆ ಬಣ್ಣ ಯಾರೂ ಹೇಳಿಕೊಡಬೇಕಾಗಲಿಲ್ಲ, ಕುಣಿದರು.

ಕುಣಿದವರು ಸುಮ್ಮನಿರಬೇಕಲ್ಲ! "ನೀರು ಸೆಟ್ ಆತು. ಭಾನುವಾರ ಎಂಐಡಿಸಿಯ ಮಂದಿ ಬರಾವ್ರದಾರ. ಮುಂಬೈಗೆ ಹೋಗಿ ಇನ್ನಷ್ಟು ಮೀನ ತರ್ತೇನಿ," ಅಂದರು.

ಅತ್ತೆ ಬೈಯಲಿಲ್ಲ. ಎದ್ದು ಅಡುಗೆ ಮನೆಗೆ ಹೋಗಿ ತಮ್ಮ ಊಟದ ಗಂಗಾಳ ತಂದು, ಪೆಟ್ಟಿಗೆಯ ಮುಚ್ಚಳದ ಮೇಲೆ ಬೋರಲು ಹಾಕಿದರು.

"ತಾ ಅಪ್ಪಾ. ಎಷ್ಟ ಮೀನ ತರ್ತಿ, ಅಷ್ಟ ದಿನ ಇದು ಹಿಂಗ ಇರಲಿ. ಹೆಂಗೂ ಉಪವಾಸ ಇದ್ದದ್ದ ಐತಿ."

ನಾನು ಉಪವಾಸದ ಹೆಂಗಸಲ್ಲ, ಹಸಿದರೆ ನನ್ನ ನಾಲಿಗೆ ಇನ್ನೂ ಹರಿತವಾಗುತ್ತದೆ. ಆದರೂ ಒಳಗೆ ಹೋಗಿ ನನ್ನ ಗಂಗಾಳವನ್ನೂ ತಂದು ಅದರ ಪಕ್ಕ ಬೋರಲು ಹಾಕಿದೆ. ನಮ್ಮವರು ಎರಡೂ ಗಂಗಾಳಗಳನ್ನು ಎತ್ತಿ, ಒರೆಸಿ, ಒಳಗೆ ಇಟ್ಟು ಬಂದರು.

ಭಾನುವಾರ ಸಂಜೆ ಕಾರುಗಳಲ್ಲಿ ಜನ ಬಂದರು. ಬಂಗಾರದ ಮೀನಿನವನೂ ಬಂದಿದ್ದ. ಇಷ್ಟು ದೊಡ್ಡ ಪೆಟ್ಟಿಗೆಗೆ ಒಂದೇ ಮೀನೇ ಎಂದು ಅವನೇ ನಗುತ್ತ ಕೇಳಿದ. ಹೊತ್ತು ಮುಳುಗುವ ಮೊದಲು ಉಣ್ಣಲು ಅತ್ತೆ ಒಳಗೆ ಕೂತಿದ್ದರು. ನಮ್ಮವರು ಆ ಕಡೆ ನೋಡಿದರು, ಮೆಲ್ಲಗೆ ಮರಾಠಿಯಲ್ಲಿ ಹೇಳಿದರು:

"ಆಯೀಲಾ ಏವಢಂಚ ಪರವಡತಂ."

ತಾಯಿಗೆ ಭರಿಸಲು ಆಗುವುದು ಇಷ್ಟೇ ಎಂದು. ಬಂದವರಿಗೆ ಅರ್ಥವಾಗಲಿಲ್ಲ, ಯಾರೂ ನಗಲೂ ಇಲ್ಲ. ಒಳಗೆ ಅತ್ತೆ ಕಟಕಟ ರೊಟ್ಟಿ ಮುರಿದು ಉಣ್ಣುತ್ತಿದ್ದದ್ದು ಪಡಸಾಲೆಯವರೆಗೂ ಕೇಳುತ್ತಿತ್ತು.