ಬಾವಿಕಟ್ಟೆಯ ಬೆಂಕಿಕಲ್ಲು

"ಹ್ವಾಯ್, ಅದ್ನ್ ಒಡೂಕಾಗ! ಬಟ್ಟಿ ಒಗು ಕಲ್ಲ್ ಅದ್!"

ಅತ್ತೆಯ ಕೂಗಿಗೆ ಹುಡುಗಿ ಎತ್ತಿದ ಸುತ್ತಿಗೆಯನ್ನು ಹಾಗೇ ಇಳಿಸಿದಳು. ಬಂಡೆಗಳ ಸಂಶೋಧನೆಗೆಂದು ಬೈಂದೂರಿಗೆ ಬಂದವಳು, ನಮ್ಮ ಬಾವಿಕಟ್ಟೆಯ ಪಕ್ಕ ನೆಲದಿಂದ ಎದ್ದಿರುವ ಕರಿಬಂಡೆಯ ಒಂದು ಚೂರು ಬೇಕೆಂದಿದ್ದಳು. ನಾನು ಧಾರಾಳವಾಗಿ ಹೂಂ ಅಂದುಬಿಟ್ಟಿದ್ದೆ. ವಾಷಿಂಗ್ ಮೆಷಿನ್ ಬಳಸುವ ಸೊಸೆಗೆ ಆ ಕಲ್ಲಿನ ಬೆಲೆ ಏನು ಗೊತ್ತು?

"ಇದು ಜ್ವಾಲಾಮುಖಿಯ ಲಾವಾದ ಹಾಗೆ ನೆಲದಡಿಯ ಬಿರುಕಿನಲ್ಲಿ ನುಗ್ಗಿ ಬಂದದ್ದು ಅಮ್ಮ. ಕುದಿಯುತ್ತಿದ್ದದ್ದು ತಣಿದು ಕಲ್ಲಾಯಿತು" ಎಂದಳು ಹುಡುಗಿ.

ಅತ್ತೆ ಕಲ್ಲನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ಹಂಗಾರೆ ನಲ್ವತ್ತ್ ವರ್ಷ ನೀರ್ ಹೊಯ್ದ್ ತಣ್ಸದ್ ನಾನೇ ಅಲ್ದಾ?"

ಮೂವರೂ ನಕ್ಕೆವು. ಅದೇ ಬಂಡೆಯಿಂದ ಎಂದೋ ಸಿಡಿದಿದ್ದ ಒಂದು ತುಂಡನ್ನು ಅತ್ತೆ ಹಿಮ್ಮಡಿ ಉಜ್ಜಲು ಬಚ್ಚಲಲ್ಲಿ ಇಟ್ಟುಕೊಂಡಿದ್ದರು. ಅದನ್ನೇ ತಂದು ಹುಡುಗಿಯ ಕೈಗಿಟ್ಟರು. ಇಷ್ಟು ಸಾಕೆಂದು ಅವಳು ಖುಷಿಯಿಂದ ಚೀಲಕ್ಕೆ ಹಾಕಿಕೊಂಡಳು.

ಕಲ್ಲಿಗೆ ಒಂದು ಕೊಡ ನೀರು ಹೊಯ್ದ ಮೇಲೆಯೇ ಅತ್ತೆ ಬಟ್ಟೆ ಇಡುವುದು. ಅದು ಹಳೆಯ ರೂಢಿ. ಈಗ ನೀರು ಹೊಯ್ದು, ಒಂದು ಗಳಿಗೆ ಅಂಗೈ ಊರಿ ನೋಡುತ್ತಾರೆ. ಅವರು ಒಳಗೆ ಹೋದ ಮೇಲೆ ನಾನೂ ಊರಿ ನೋಡುತ್ತೇನೆ.