ಹಂಪಿಯ ಅಗೆತದಲ್ಲಿ ನಾನು ಸುರಿದ ಒಂದು ಕೊಡ ನೀರು

ಸಾರ್ ನಕ್ಷೆಯಲ್ಲಿ ಹಾಕಿದ ಬಾಣ ಉಲ್ಟಾ ಇತ್ತು. ಪುಟ್ಟಿಯಲ್ಲಿ ಮಣ್ಣು ಹೊರುವ ಕೂಲಿಯವಳು ನಾನು, ಅದನ್ನು ಬಾಯಿಬಿಟ್ಟು ಹೇಳಿಬಿಟ್ಟೆ.

ಎಂಬತ್ತರ ದಶಕದ ಮಾತು. ಹಂಪಿಯಲ್ಲಿ ಹಳೇ ಪಟ್ಟಣದ ಅಗೆತ ನಡೆದಿತ್ತು. ಮಲಪನಗುಡಿಯಿಂದ ನಾವು ಹತ್ತು ಹನ್ನೆರಡು ಹೆಂಗಸರು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆವು. ನನಗೆ ಹತ್ತೊಂಬತ್ತು ವರ್ಷ, ಮೂಗಿನ ತುದಿಯಲ್ಲೇ ಸಿಟ್ಟು.

ಆ ಕೆಲಸ ನನಗೆ ಬೇಕೇ ಬೇಕಿತ್ತು. ಅದು ತಪ್ಪಿದರೆ ಯಶವಂತನಗರದ ಕಡೆ ಗಣಿಗೆ ಹೋಗಿ ಅದಿರು ಒಡೆಯಬೇಕು. ಹಾಗೆ ಹೋದ ನಮ್ಮಕ್ಕ ವರ್ಷ ತುಂಬುವುದರೊಳಗೆ ಕೆಮ್ಮು ಹಿಡಿಸಿಕೊಂಡು ಮನೆಗೆ ಬಂದಿದ್ದಳು. ಗಣಿ ಅಂದರೆ ನನಗೆ ಭಯ.

ಅವತ್ತು ಮಣ್ಣಿನಡಿ ಒಂದು ಗಾರೆ ಕಾಲುವೆ ಸಿಕ್ಕಿತ್ತು. ಮೊಳದಗಲ, ಮೂವತ್ತು ಹೆಜ್ಜೆ ಉದ್ದ. ಅದರ ಒಂದು ತುದಿಗೆ ಕಲ್ಲಿನ ತೊಟ್ಟಿ.

ನಕ್ಷೆ ಬರೆಯುವ ಸಾರ್ ಬಂದು ನೋಡಿದರು. ನೀರು ಹರಿದು ಬಂದು ತೊಟ್ಟಿ ತುಂಬುತ್ತಿತ್ತು ಎಂದು ಅವರ ಅಂದಾಜು. ಪೆನ್ಸಿಲ್ ತೆಗೆದು ತೊಟ್ಟಿಯ ಕಡೆಗೆ ಬಾಣ ಹಾಕಿದರು.

ನನಗೆ ತಡೆಯಲಾಗಲಿಲ್ಲ...

ನಮ್ಮಪ್ಪ ನೀರಗಂಟಿ. ಕಾಲುವೆ ನೀರನ್ನು ಪಾಳಿ ಪ್ರಕಾರ ಗದ್ದೆ ಗದ್ದೆಗೆ ಬಿಡುವವನು. ವರ್ಷಕ್ಕೊಮ್ಮೆ ನೀರು ನಿಲ್ಲಿಸಿದಾಗ ಊರವರೆಲ್ಲ ಇಳಿದು ಹೂಳು ತೆಗೆಯುತ್ತಿದ್ದರು. ನಾನಂತೂ ಲಂಗ ಎತ್ತಿ ಕಟ್ಟುವ ವಯಸ್ಸಿನಿಂದ ಅದನ್ನು ಹೊತ್ತವಳು.

ನೀರು ಒಳಗೆ ಬರುವ ಬಾಯಲ್ಲಿ ದಪ್ಪ ಮರಳು ಕೂರುತ್ತದೆ. ದೂರ ಹೋದ ಹಾಗೆ ನುಣ್ಣನೆಯ ಕೆಸರು. ಇದನ್ನು ತಿಳಿಯಲು ಕಾಲೇಜು ಬೇಕಿಲ್ಲ.

ಆ ಗಾರೆ ಕಾಲುವೆಯ ಮಣ್ಣು ಹೊತ್ತವಳೂ ನಾನೇ. ತೊಟ್ಟಿಯ ಹತ್ತಿರ ಪುಟ್ಟಿ ತುಂಬ ದಪ್ಪ ಮರಳು, ಕತ್ತು ಮುರಿಯುವಷ್ಟು ಭಾರ. ಆಚೆ ತುದಿಯಲ್ಲಿ ಬರೀ ನುಣುಪು ಮಣ್ಣು.

"ಸಾರ್, ನೀರು ತೊಟ್ಟಿಗೆ ಬರ್ತಿದ್ದಿಲ್ರೀ. ತೊಟ್ಟಿಯಿಂದ ಆಚೆ ಹೋಗ್ತಿತ್ತು" ಅಂದೆ.

ಸಾರ್ ತಲೆ ಎತ್ತುವ ಮೊದಲೇ ನಮ್ಮನ್ನು ದುಡಿಸುವ ಮೇಸ್ತ್ರಿ ಹಾರಿಬಿದ್ದ. "ಲೇ, ಪುಟ್ಟಿ ಹೊರಾಕ ಬಂದಾಕಿ ಪುಟ್ಟಿ ಹೊರು. ಓದಿದೋರಿಗೆ ಹೇಳಾಕ ಬರ್ತಾಳ, ದೊಡ್ಡ ಇಂಜಿನಿಯರ್ರು!"

ನನ್ನ ಜೊತೆಯ ಹೆಂಗಸರೂ ಕಿಸಕ್ಕನೆ ನಕ್ಕರು. ಮೇಸ್ತ್ರಿ ಬೈದಿದ್ದಕ್ಕಿಂತ ಆ ನಗುವಿಗೆ ನನಗೆ ಉರಿದುಹೋಯಿತು.

ಪಕ್ಕದಲ್ಲಿ ತುಂಬಿದ ಕೊಡ ಇತ್ತು. ಎತ್ತಿಕೊಂಡು ಕಾಲುವೆಯ ನಟ್ಟನಡುವೆ ನಿಂತು ಸುರಿದೇಬಿಟ್ಟೆ.

ನೀರು ಒಂದು ಗಳಿಗೆ ನಿಂತಿತು. ಆಮೇಲೆ ತೊಟ್ಟಿಗೆ ಬೆನ್ನು ಹಾಕಿ ಆಚೆ ತುದಿಗೆ ಸರಸರ ಹೊರಟಿತು.

ನಾನು ಗೆದ್ದೆ ಅಂದುಕೊಳ್ಳುತ್ತಿದ್ದೇನೆ, ಹಿಂದಿನಿಂದ ಒಬ್ಬಳು ಕೂಗುತ್ತಾಳೆ... "ಅಯ್ಯೋ, ಅದು ಕುಡಿಯಾ ನೀರಲೇ!"

ಅಷ್ಟೂ ಜನರ ಕುಡಿಯುವ ನೀರು. ಸುಡುವ ಬಿಸಿಲು. ಸಿಟ್ಟಿನಲ್ಲಿ ನನಗೆ ಅದರ ಖಬರೇ ಇರಲಿಲ್ಲ.

ಮೇಸ್ತ್ರಿಗೆ ಅಷ್ಟೇ ಸಾಕಾಗಿತ್ತು. "ನಾಳಿಂದ ಬರಬ್ಯಾಡ" ಅಂದ.

ಸಾರ್ ಮಾತ್ರ ಹರಿದ ನೀರನ್ನೇ ನೋಡುತ್ತಿದ್ದರು. ಕುಕ್ಕರುಗಾಲಲ್ಲಿ ಕೂತು ತೊಟ್ಟಿಯ ಬುಡದ ಮರಳನ್ನು ಬೆರಳಲ್ಲಿ ತಿಕ್ಕಿದರು. ಯಾರು ಹೇಳಿಕೊಟ್ಟರು ಎಂದು ಕೇಳಿದರು.

"ಯಾರೂ ಇಲ್ರೀ. ಹೊತ್ತೀನಿ, ಗೊತ್ತಾತು."

ಅವರು ರಬ್ಬರ್ ತೆಗೆದು ಬಾಣ ಅಳಿಸಿದರು, ತಿರುಗಿಸಿ ಬರೆದರು. ನನ್ನ ಕೆಲಸದ ಬಗ್ಗೆ ತುಟಿ ಪಿಟಕ್ಕೆನ್ನದೆ ಜೀಪು ಹತ್ತಿ ಹೋದರು. ಅದಕ್ಕೆ ಇವತ್ತಿಗೂ ನನಗೆ ಅವರ ಮೇಲೆ ಬೇಜಾರಿದೆ.

ಮರುದಿನ ನಸುಕಿನಲ್ಲೇ ಎದ್ದು ಹೋದೆ. ಎಲ್ಲರಿಗಿಂತ ಮೊದಲು ಎರಡು ಕೊಡ ನೀರು ತುಂಬಿಟ್ಟು ಪುಟ್ಟಿ ಹಿಡಿದು ನಿಂತೆ.

"ಬರಬ್ಯಾಡ ಅಂದಿದ್ನೆಲ್ಲ?" ಅಂದ ಮೇಸ್ತ್ರಿ.

"ನೀರು ಸುರುವಿದ್ದು ತಪ್ಪು, ಅದಕ್ಕ ಎರಡು ಕೊಡ ತಂದೀನಿ. ಮಾತಾಡಿದ್ದು ತಪ್ಪಲ್ಲ. ಅದಕ್ಕ ನಾ ಮನೀಗೆ ಹೋಗಂಗಿಲ್ಲ."

ನಿನ್ನೆ ನಕ್ಕಿದ್ದ ಹೆಂಗಸರು ಈಗ ನಗಲಿಲ್ಲ. ಒಬ್ಬೊಬ್ಬರೇ ಬಂದು ನನ್ನ ಪಕ್ಕ ನಿಂತರು, ಯಾರೂ ಕಾಲುವೆಗೆ ಇಳಿಯಲಿಲ್ಲ. ಮೇಸ್ತ್ರಿ ಅತ್ತ ನೋಡಿದ, ಇತ್ತ ನೋಡಿದ, ಕೊನೆಗೆ ಬೀಡಿ ಹಚ್ಚಿಕೊಂಡು ನೆರಳಿಗೆ ಹೋದ. ಮುಂದೆ ಎರಡು ಬೇಸಿಗೆ ನಾನು ಅಲ್ಲೇ ದುಡಿದೆ, ಗಣಿಯ ಕಡೆ ತಲೆ ಹಾಕಲಿಲ್ಲ.

ಮೊನ್ನೆ ಮಗಳ ಜೊತೆ ಹಂಪಿಗೆ ಹೋಗಿದ್ದೆ. ಗೈಡ್ ಒಬ್ಬ ಟೂರಿಸ್ಟುಗಳಿಗೆ ಕಾಲುವೆಗಳನ್ನು ತೋರಿಸಿ, ಎಂಥಾ ಪ್ಲಾನ್, ಎಲ್ಲ ರಾಜರ ತಲೆ ಅನ್ನುತ್ತಿದ್ದಾನೆ. ಮಗಳು ಕೈ ಜಗ್ಗುತ್ತಿದ್ದರೂ ನಾನು ಸುಮ್ಮನಿರಲಿಲ್ಲ. ಅವನನ್ನು ಕೇಳಿದ್ದನ್ನೇ ನಿಮ್ಮನ್ನೂ ಕೇಳುತ್ತೇನೆ.

ಆ ಪಟ್ಟಣ ಕಟ್ಟುವಾಗ, ಪುಟ್ಟಿ ಹೊತ್ತ ಒಬ್ಬಳು ನಿಂತು "ಒಡೆಯಾ, ಈ ಕಡೆ ನೀರು ಹರಿಯಂಗಿಲ್ಲ" ಅಂತ ಹೇಳಿರಲೇ ಇಲ್ಲ ಅನ್ನುವ ಧೈರ್ಯ ನಿಮಗಿದೆಯಾ?